ಭೂತಾನ್, ಮಾಲ್ದೀವ್ಸ್: "ಇತರೆ ಖರ್ಚು" ಜಾಸ್ತಿ ಇದ್ದಲ್ಲಿ ದುಂದು ಜಾಸ್ತಿಯಾ?

ಬದಿಯಡ್ಕದ ಬಿಕಾಂ:
ಸೆಮಿನಾರಿಗೆ ನನಗೆ ಸಿಕ್ಕಿದ ವಿಷಯ ಇದು. ಎರಡೂ ಪುಟ್ಟ ದೇಶ. ಭೂತಾನಿನಲ್ಲಿ 2017ರ ಗಣತಿಯಂತೆ 7,27,145 ಜನ, ಮಾಲ್ದೀವ್ಸಿನಲ್ಲಿ 2022ರಲ್ಲಿ 5,15,132. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ 2011ಕ್ಕೆ 13 ಲಕ್ಷ ಇತ್ತು! ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ "ಇತರೆ ವೆಚ್ಚ, ಒಟ್ಟು ವೆಚ್ಚದ ಶೇಕಡಾ" ಅಂತ ಒಂದು ಕಾಲಂ ಉಂಟು. ಅದು ಜಾಸ್ತಿ ಇದ್ದ ದೇಶ ದುಂದು ಮಾಡ್ತದೆ ಅಂತ ಬರೆದುಬಿಡಲಾ?

ಪೆರ್ಲದ ಹಳೇ ಗುಮಾಸ್ತ:
ಬರೆಯಬೇಡ ಮಾರಾಯ. ಮೂವತ್ತೊಂದು ವರ್ಷ ಲೆಕ್ಕ ಬರೆದವ ನಾನು. ನಮ್ಮೂರ ಭಜನಾ ಮಂದಿರದ ಪುಸ್ತಕದಲ್ಲಿ ಒಂದು ವರ್ಷ "ಇತರೆ" 18,400 ರೂಪಾಯಿ. ಮಹಾಸಭೆಯಲ್ಲಿ ಗಲಾಟೆಯೋ ಗಲಾಟೆ. ಬಿಲ್ಲು ತೆಗೆದು ನೋಡಿದರೆ ಜನರೇಟರ್ ಬಾಡಿಗೆ, ಚೆಂಡೆಯವರಿಗೆ ಕೊಟ್ಟದ್ದು, ಶಾಮಿಯಾನ. ಆ ಖಜಾಂಚಿಗೆ ಬೇರೆ ಬೇರೆ ಬಾಬ್ತು ಹಾಕಲು ಉದಾಸೀನ, ಅಷ್ಟೆ. ಮರುವರ್ಷ ಹೊಸಬ ಬಂದ, "ಇತರೆ" 340ಕ್ಕೆ ಇಳಿಯಿತು: ಬತ್ತಿ, ರಬ್ಬರ್ ಬ್ಯಾಂಡ್, ಬೀಗದ ಕೈಯ ನಕಲು. ಒಟ್ಟು ಖರ್ಚು ಮಾತ್ರ ಏರಿತ್ತು!

ದೇಶದ ಲೆಕ್ಕವೂ ಹಾಗೇ. ಸರ್ಕಾರಗಳು ಲೆಕ್ಕ ಇಡುವ ಬಗ್ಗೆ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ತಂದ 2014ರ ಕೈಪಿಡಿಯಲ್ಲಿ ಸಂಬಳ, ಸರಕು, ಸವಕಳಿ (ಕಟ್ಟಡ, ಯಂತ್ರ ಹಳತಾಗಿ ಇಳಿಯುವ ಬೆಲೆ), ಬಡ್ಡಿ, ಸಬ್ಸಿಡಿ, ಅನುದಾನ, ಸಾಮಾಜಿಕ ಸೌಲಭ್ಯ ಅಂತ 21ರಿಂದ 27ರವರೆಗೆ ನಂಬರು. ಇದ್ಯಾವುದಕ್ಕೂ ಸೇರದ "ಇತರೆ"ಗೆ 28. ವಿಶ್ವ ಬ್ಯಾಂಕಿನವರು ಸವಕಳಿಯನ್ನೂ "ಇತರೆ"ಗೇ ತುಂಬುತ್ತಾರೆ. ರಸ್ತೆ, ಸೇತುವೆ ಕಟ್ಟಿದ ದುಡ್ಡು ಈ ಪಟ್ಟಿಗೆ ಬರುವುದೇ ಇಲ್ಲ, ಅದು ಆಸ್ತಿಯ ಲೆಕ್ಕ. ಭೂತಾನಿನ ಸಂವಿಧಾನದ 3ನೇ ವಿಧಿಯಂತೆ ಅಲ್ಲಿನ ಭಿಕ್ಷು ಸಂಘಕ್ಕೆ ಸರ್ಕಾರವೇ ಹಣ ಕೊಡಬೇಕು. ಅದು 28ರಲ್ಲಿ ಬಂದು ಕೂತರೆ ದುಂದು ಅನ್ನುತ್ತೀಯಾ?

ಕುಂಬಳೆಯ ಟೀಚರಕ್ಕ:
ನಾನು ಮಾಲ್ದೀವ್ಸಿನ ಒಂದು ದ್ವೀಪದಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. ಈ ತುದಿಯಿಂದ ಆ ತುದಿಗೆ ಕಾಲುಗಂಟೆ ನಡಿಗೆ. ಅಷ್ಟಕ್ಕೇ ಒಂದು ಶಾಲೆ, ಒಂದು ಆರೋಗ್ಯ ಕೇಂದ್ರ, ರಾತ್ರಿಯಿಡೀ ಗುಡುಗುಡು ಅನ್ನುವ ಡೀಸೆಲ್ ಪವರ್‌ಹೌಸ್. ಅಂಥ ಜನವಸತಿಯ ದ್ವೀಪ 180ಕ್ಕೂ ಹೆಚ್ಚು! ತಲಾ ಖರ್ಚು ಏರದೆ ಇರ್ತದಾ? ಮತ್ತೆ, ಒಂದೇ ವರ್ಷದ ಅಂಕಿ ಹಿಡಿದು ಕೂರಬೇಡ ತಮ್ಮ. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿದ್ದು, ಭಾರತದಿಂದ ವಿಮಾನದಲ್ಲಿ ಕುಡಿಯುವ ನೀರು ಹೋಗಿತ್ತು. ಅಂಥ ವರ್ಷ ಯಾವ ಕಾಲಂ ಉಬ್ಬಿತ್ತೋ!

ಪೆರ್ಲದ ಹಳೇ ಗುಮಾಸ್ತ:
ಟೀಚರಕ್ಕ ಸರಿಯಾದ್ದೇ ಹೇಳಿದ್ರು. ಅಲ್ಲಿ 2012ರಿಂದ ಆಸಂಧ ಅಂತ ಆರೋಗ್ಯ ಯೋಜನೆ ಉಂಟು. ಅಂಥದ್ದರಲ್ಲಿ ಸರ್ಕಾರ ವಿಮೆಯ ಕಂತು ಕಟ್ಟಿದರೆ ಒಂದು ಕಾಲಂ, ಆಸ್ಪತ್ರೆಯ ಬಿಲ್ಲು ಕೊಟ್ಟರೆ ಇನ್ನೊಂದು. ಭೂತಾನಿನಲ್ಲಿ ಆಸ್ಪತ್ರೆ ಸರ್ಕಾರದ್ದೇ, ಹಾಗಾಗಿ ಡಾಕ್ಟರ ಸಂಬಳ 21ಕ್ಕೆ, ಔಷಧಿ 22ಕ್ಕೆ. ಜ್ವರ ಒಂದೇ, ಲೆಕ್ಕ ಬೇರೆ!

ಬದಿಯಡ್ಕದ ಬಿಕಾಂ:
ಹಾಗಾದ್ರೆ ಯಾವ ಪಟ್ಟಿ ಹಿಡಿಯಲಿ ಮಾವ?

ಪೆರ್ಲದ ಹಳೇ ಗುಮಾಸ್ತ:
ಯಾವ ಕೆಲಸಕ್ಕೆ ಖರ್ಚಾಯಿತು ಅಂತ ಹೇಳುವ, ವಿಶ್ವಸಂಸ್ಥೆಯ ಹತ್ತು ವಿಭಾಗದ ಪಟ್ಟಿ. ಅದರಲ್ಲಿ "ಇತರೆ" ಅಂತ ವಿಭಾಗವೇ ಇಲ್ಲ. ಭಿಕ್ಷು ಸಂಘದ್ದು ಸಂಸ್ಕೃತಿ, ಧರ್ಮದ ವಿಭಾಗದಲ್ಲಿ ಸಿಗ್ತದೆ. ಐದು ವರ್ಷದ್ದು ತೆಗೆದು ತಲೆಗೆ ಇಷ್ಟು ಅಂತ ಭಾಗಿಸು. ಒಂದು ನೆನಪಿಟ್ಟುಕೋ: ಭೂತಾನಿನ ಹಣಕಾಸು ವರ್ಷ ಜುಲೈಯಿಂದ ಜೂನ್, ಮಾಲ್ದೀವ್ಸಿನದ್ದು ಜನವರಿಯಿಂದ. ಸೆಮಿನಾರ್ ಯಾವತ್ತು?

ಬದಿಯಡ್ಕದ ಬಿಕಾಂ:
ನಾಳೆ ಹತ್ತು ಗಂಟೆಗೆ.