ಎರಡು ವರ್ಷ ತಡೆದರೆ ಇದೇ ರೊಕ್ಕಕ್ಕೆ ಇಮ್ಮಡಿ ಕಂಪ್ಯೂಟರ್ ಸಿಗುತ್ತದೆಯೇ? ಮೂರ್ ನಿಯಮದ ಬಗ್ಗೆ ಪ್ರಶ್ನೆ

ಮಾಳಮಡ್ಡಿ_ಲ್ಯಾಬ್

ಧಾರವಾಡದ ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿಗೆ 30 ಕಂಪ್ಯೂಟರ್ ಕೊಳ್ಳುವುದಿದೆ. ಖರೀದಿ ಸಭೆಯಲ್ಲಿ ಎರಡು ಪಕ್ಷ ಆಗಿವೆ. "ಎರಡು ವರ್ಷ ತಡೀರಿ, ಮೂರ್ ನಿಯಮದ ಪ್ರಕಾರ ಇದೇ ರೊಕ್ಕಕ್ಕ ಇಮ್ಮಡಿ ಬರ್ತದ" ಎನ್ನುವವರು ಕೆಲವರು. ಆ ನಿಯಮ ಸತ್ತು ಇಪ್ಪತ್ತು ವರ್ಷವಾಯಿತು ಎನ್ನುವವರು ಇನ್ನು ಕೆಲವರು. ಯಾವುದು ಖರೆ? ಹಾಗೆಯೇ, 3 ನ್ಯಾನೊಮೀಟರ್ ಚಿಪ್ ಎಂದರೆ ಅದರಲ್ಲಿ ನಿಜವಾಗಿ 3 ನ್ಯಾನೊಮೀಟರ್ ಇರುವುದು ಏನು? ವಿದ್ಯಾರ್ಥಿಗಳಿಗೆ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಿಲ್ಲ.

ಉಣಕಲ್_ಸಿಲಿಕಾನ್

ಮೇಡಂ, ಇಂಟೆಲ್ ಕಂಪನಿ ಕಟ್ಟಿದವರೊಳಗ ಒಬ್ರಾದ ಗಾರ್ಡನ್ ಮೂರ್ ಅವರು ಏನಂದಿದ್ರು ಅನ್ನೋದು ಮೊದಲು ನೋಡೋಣ್ರಿ. ಒಂದು ಚಿಪ್ಪಿನ್ಯಾಗ ಎಲ್ಲಕ್ಕಿಂತ ಕಡಿಮಿ ಖರ್ಚಿಗೆ ಕೂಡಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕ ಇಮ್ಮಡಿ ಆಗ್ತದ ಅಂತ 1965ರಾಗ ಬರದ್ರು. 1975ರಾಗ ಅದನ್ನ ಎರಡು ವರ್ಷಕ್ಕೊಮ್ಮೆ ಅಂತ ತಿದ್ದಿದ್ರು. ವೇಗದ ಮಾತು ಅದರಾಗ ಇಲ್ಲ.

ಬರೀ ಸಂಖ್ಯೆ ನೋಡಿದ್ರ ಗೆರಿ ತಪ್ಪಿಲ್ಲ. 1971ರ ಇಂಟೆಲ್ 4004 ಚಿಪ್ಪಿನ್ಯಾಗ 2,300 ಟ್ರಾನ್ಸಿಸ್ಟರ್ (ಕರೆಂಟ್ ಬಿಡೋ, ತಡಿಯೋ ಸಣ್ಣ ಸ್ವಿಚ್) ಇದ್ದವು. ಅದನ್ನ 25 ಸಲ ಇಮ್ಮಡಿ ಮಾಡ್ರಿ, ಅಂದ್ರ 50 ವರ್ಷ: 7,700 ಕೋಟಿ ಬರ್ತದ. 2022ರ ಎನ್‌ವಿಡಿಯಾ ಎಚ್100ರಾಗ 8,000 ಕೋಟಿ ಅದಾವ.

ಆದ್ರ 4004 ಸುಮಾರು 12 ಚದರ ಮಿ.ಮೀ. ಇತ್ತು, ಎಚ್100 814. ಜಾಗಾನ 68 ಪಟ್ಟು ಆತು. ಅಂದ್ರ ಆರು ಇಮ್ಮಡಿ ಬಂದದ್ದು ಹೊಲ ದೊಡ್ಡದಾಗಿದ್ದಕ್ಕ, ಬಿತ್ತಿಗಿ ಒತ್ತಾಗಿದ್ದಕ್ಕಲ್ಲ. ಬರೀ ಒತ್ತು ಹಿಡದ್ರ 51 ವರ್ಷಕ್ಕ 19 ಇಮ್ಮಡಿ, ಒಂದೊಂದಕ್ಕ 2 ವರ್ಷ 8 ತಿಂಗಳು. ಇನ್ನ ಹೊಲ ಹಿಗ್ಗಂಗಿಲ್ಲ. ಅಚ್ಚು ಹೊಡಿಯೋ ಯಂತ್ರ ಒಂದು ಸಲಕ್ಕ ಬೆಳಕು ಹಾಕೋ ಜಾಗಾ 26 × 33 ಮಿ.ಮೀ., ಅಂದ್ರ 858 ಚದರ ಮಿ.ಮೀ. ತೀವ್ರ ಅತಿನೇರಳೆ ಬೆಳಕಿನ (ಇಯುವಿ) ಹೊಸ 0.55 ಅಪರ್ಚರಿನ ಯಂತ್ರದಾಗ ಅದೂ ಅರ್ಧಕ್ಕ ಇಳೀತದ.

3 ನ್ಯಾನೊಮೀಟರ್ ಅನ್ನೋದು ಪೀಳಿಗೆಯ ಹೆಸರು ಅಷ್ಟ. ಗೇಟ್ ಅಂದ್ರ ಟ್ರಾನ್ಸಿಸ್ಟರ್ ತೆರದು ಮುಚ್ಚೋ ಭಾಗ; ಒಂದು ಗೇಟಿನಿಂದ ಬಾಜೂಕಿನ ಗೇಟಿಗೆ ಸುಮಾರು 48 ನ್ಯಾನೊಮೀಟರ್ ಅಂತರ ಇರ್ತದ. ಸಿಲಿಕಾನ್ ಹರಳಿನ ಒಂದು ಮನಿ 0.543 ನ್ಯಾನೊಮೀಟರ್, ಅಂಥಾವು 88 ಮನಿ ಆದವು.

ಗದಗ_ವಿಎಲ್‌ಎಸ್‌ಐ

ಇಪ್ಪತ್ತು ವರ್ಷದ ಹಿಂದೆ ಸತ್ತದ್ದು ಡೆನ್ನಾರ್ಡ್ ನಿಯಮ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಿಮ್ಮ ಸಭೆಯಲ್ಲಿ ಈ ಜಗಳ.

ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದು ಇಷ್ಟು: ಅಳತೆಯನ್ನು 0.7ಕ್ಕೆ ಇಳಿಸಿ, ವೋಲ್ಟೇಜನ್ನೂ 0.7ಕ್ಕೆ ಇಳಿಸಿ, ವೇಗವನ್ನು 1.4 ಪಟ್ಟು ಏರಿಸಿ. ವಿದ್ಯುತ್ ಎಂದರೆ ಧಾರಣಶಕ್ತಿ (ಕೆಪ್ಯಾಸಿಟೆನ್ಸ್) × ವೋಲ್ಟೇಜಿನ ವರ್ಗ × ವೇಗ. ಅಳತೆ ಇಳಿದಂತೆ ಧಾರಣಶಕ್ತಿಯೂ 0.7ಕ್ಕೆ ಇಳಿಯುತ್ತದೆ. ಅಂದರೆ 0.7 × 0.49 × 1.4, ಸುಮಾರು ಅರ್ಧ. ಟ್ರಾನ್ಸಿಸ್ಟರ್ ಹಿಡಿಯುವ ಜಾಗವೂ ಅರ್ಧ. ಹೀಗಾಗಿ ಚದರ ಮಿ.ಮೀ.ಗೆ ಬೀಳುವ ಕಾವು ಬದಲಾಗುತ್ತಿರಲಿಲ್ಲ, ವೇಗ ಪುಕ್ಕಟೆ ಸಿಗುತ್ತಿತ್ತು.

ವೋಲ್ಟೇಜ್ ಇಳಿಸಬೇಕಾದರೆ ಟ್ರಾನ್ಸಿಸ್ಟರ್ ತೆರೆಯುವ ವೋಲ್ಟೇಜನ್ನೂ ಇಳಿಸಬೇಕು. ಅದನ್ನು 60 ಮಿಲಿವೋಲ್ಟ್ ಇಳಿಸಿದರೆ, ಮುಚ್ಚಿದಾಗಲೂ ಸೋರುವ ಕರೆಂಟ್ ಹತ್ತು ಪಟ್ಟಾಗುತ್ತದೆ. ಕೋಣೆಯ ತಾಪಮಾನದಲ್ಲಿ ಇದು ಭೌತಶಾಸ್ತ್ರ ಹಾಕಿದ ಗಡಿ; ಗೇಟ್ ಮೂರು ಕಡೆ ಆವರಿಸುವ ಫಿನ್‌ಫೆಟ್ ಬಂದರೂ, ಗೇಟ್ ಸುತ್ತಲೂ ಆವರಿಸುವ ನ್ಯಾನೊಶೀಟ್ ಬಂದರೂ ಆ 60ರ ಸಮೀಪ ಹೋಗಬಹುದೇ ಹೊರತು ದಾಟಲಾಗದು. ವೋಲ್ಟೇಜ್ ನಿಂತ ಮೇಲೆ ಲೆಕ್ಕ ಮತ್ತೆ ಹಾಕಿ: 0.7 × 1 × 1.4, ಅಂದರೆ ಕಾವು ಅಷ್ಟೇ, ಜಾಗ ಮಾತ್ರ ಅರ್ಧ. ಒಂದೇ ಪೀಳಿಗೆಯಲ್ಲಿ ಕಾವಿನ ಒತ್ತು ಇಮ್ಮಡಿ. ಪೆಂಟಿಯಂ 4 ಓಟ 3.8 ಗಿಗಾಹರ್ಟ್ಸ್‌ನಲ್ಲಿ ನಿಂತದ್ದು, ಆಮೇಲೆ ಎಲ್ಲರೂ ಕೋರ್‌ಗಳ ಸಂಖ್ಯೆ ಹೆಚ್ಚಿಸಲು ಹೊರಟದ್ದು ಇದರಿಂದಲೇ.

ಗೋಕುಲ್‌ರೋಡ್_ವೇಫರ್

ಹೊಲ ಹಿಗ್ಗಂಗಿಲ್ಲ ಅನ್ನೂದು ಅರ್ಧಾ ಖರೆ ಐತ್ರಿ. ಒಂದೇ ತುಂಡು ಹಿಗ್ಗೂದಿಲ್ಲ, ಆದ್ರ ತುಂಡು ಜೋಡಸಾಕ ಬರತೈತಿ. ಎನ್‌ವಿಡಿಯಾದ ಬಿ200ರಾಗ ಎರಡು ತುಂಡು ಕೂಡಿಸಿ 20,800 ಕೋಟಿ ಟ್ರಾನ್ಸಿಸ್ಟರ್ ಹಾಕ್ಯಾರ.

ಜೋಡಸೂದರ ಲಾಭ ಇಳುವರಿಯೊಳಗ ಐತಿ. 300 ಮಿ.ಮೀ. ವೇಫರ್ (ಚಿಪ್ ಮಾಡೋ ದುಂಡನ ಸಿಲಿಕಾನ್ ಬಿಲ್ಲಿ) ತಗೋರಿ, ಚದರ ಸೆಂ.ಮೀ.ಗೆ 0.1 ದೋಷ ಅಂತ ಹಿಡೀರಿ. 800 ಚದರ ಮಿ.ಮೀ. ತುಂಡು ಅಂಚಿಂದು ಬಿಟ್ಟು ಸುಮಾರು 65 ಕುಂದರ್ತಾವ, ಅದರಾಗ ಚಲೋ ಬರೂದು ಶೇ. 45, ಅಂದ್ರ 29. ಅದನ್ನ 200ರ ನಾಕು ತುಂಡು ಮಾಡಿದ್ರ ವೇಫರಿಗೆ 306 ಕುಂದರ್ತಾವ, ಶೇ. 82 ಚಲೋ, 250 ತುಂಡು, ಅಂದ್ರ ನಾಕ್ನಾಕು ಕೂಡಿಸಿದ 62 ಸೆಟ್. ಅದೇ ವೇಫರು, ಇಮ್ಮಡಿಗಿಂತ ಜಾಸ್ತಿ ಮಾಲು. ಖರ್ಚು ಬರೂದು ಜೋಡಣಿಗೆ, ತುಂಡಿಂದ ತುಂಡಿಗೆ ಮಾಹಿತಿ ಒಯ್ಯಾಕ ಹೋಗೋ ಕರೆಂಟಿಗೆ.

ಇನ್ನೊಂದು ಮಾತು ಯಾರೂ ಎತ್ತಲಿಲ್ಲ. ಲೆಕ್ಕಾ ಮಾಡೋ ಭಾಗ ಸಣ್ಣಾಗಾಕತ್ತೈತಿ, ಕ್ಯಾಶ್ ಮೆಮೊರಿ (ಪ್ರೊಸೆಸರ್ ಒಳಗ ಇರೋ ಸಣ್ಣ ಮೆಮೊರಿ) ಆಗವಲ್ದು. ಚಿಪ್ ಮಾಡೋ ಕಂಪನಿ ಟಿಎಸ್‌ಎಂಸಿಯ 5 ನ್ಯಾನೊಮೀಟರ್‌ನ್ಯಾಗ ಎಸ್‌ರ್‍ಯಾಮ್ ಕೋಶ (ಕ್ಯಾಶಿನ ಒಂದು ಬಿಟ್ ಇಡೋ ಜಾಗಾ) 0.021 ಚದರ ಮೈಕ್ರಾನ್ ಇತ್ತು, ಅದರ 3 ನ್ಯಾನೊಮೀಟರ್ ಪೀಳಿಗಿ ಎನ್3ಇ ಒಳಗೂ ಅಷ್ಟ ಐತಿ. ತುಟ್ಟಿ ವೇಫರಿನ್ಯಾಗ ಅದ ಅಳತಿ ಕ್ಯಾಶ್ ಹಾಕೂದಂದ್ರ ಒಂದೊಂದು ಬಿಟ್ಟಿನ ರೇಟು ಏರತೈತಿ. "ಕಡಿಮಿ ಖರ್ಚು" ಅನ್ನೂ ಮೂರ್ ಅವರ ಮೂಲ ಮಾತು ಸಡ್ಲಾಗಿದ್ದು ಇಲ್ಲೇ.

ಮಾಳಮಡ್ಡಿ_ಲ್ಯಾಬ್

ತುಂಬಾ ಉಪಕಾರವಾಯಿತು. ಹಾಗಾದರೆ ಕಾಯುವುದರಲ್ಲಿ ಅರ್ಥವಿಲ್ಲ. ಈಗ ಕೊಳ್ಳುವಾಗ ಏನೇನು ನೋಡಬೇಕು?

ಗದಗ_ವಿಎಲ್‌ಎಸ್‌ಐ

ಈಗಲೇ ಕೊಳ್ಳಿ ಮೇಡಂ. ಎರಡು ವರ್ಷಕ್ಕೆ ಸಿಗುವ ಹೆಚ್ಚಳ ಇಮ್ಮಡಿಯಂತೂ ಅಲ್ಲ, ಅಷ್ಟರಲ್ಲಿ ಎರಡು ಬ್ಯಾಚ್ ವಿದ್ಯಾರ್ಥಿಗಳು ಹಳೆಯ ಯಂತ್ರದಲ್ಲೇ ಕಲಿತು ಹೋಗುತ್ತಾರೆ.

ಟೆಂಡರಿನಲ್ಲಿ "16 ಜಿಬಿ ರ್‍ಯಾಮ್" ಎಂದಷ್ಟೇ ಬರೆಯಬೇಡಿ, "8 ಜಿಬಿಯ ಎರಡು" ಎಂದು ಬರೆಯಿರಿ. ಡಿಡಿಆರ್5-5600 ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 44.8 ಜಿಬಿ, ಎರಡಿದ್ದರೆ 89.6. ಪೂರೈಕೆದಾರರು ಸಾಮಾನ್ಯವಾಗಿ ಒಂದೇ ಸ್ಟಿಕ್ ಹಾಕುತ್ತಾರೆ.

ಎರಡನೆಯದು ಕಾವು. ಪ್ರೊಸೆಸರ್ ಮೇಲೆ 65 ವಾಟ್ ಎಂದು ಬರೆದಿದ್ದರೂ ನಂಬಬೇಡಿ. ಇಂಟೆಲ್ ಐ5-12400 ಮೂಲದಲ್ಲಿ 65, ಟರ್ಬೊದಲ್ಲಿ (ಸ್ವಲ್ಪ ಹೊತ್ತು ಜೋರಾಗಿ ಓಡುವಾಗ) 117 ವಾಟ್. ಮಾದರಿಗೆ ಒಂದು ಯಂತ್ರ ತರಿಸಿ, ಮಧ್ಯಾಹ್ನ ಎರಡಕ್ಕೆ ಲ್ಯಾಬಿನಲ್ಲೇ ಇಟ್ಟು, ಎಲ್ಲ ಕೋರ್‌ಗಳಿಗೂ 30 ನಿಮಿಷ ಕೆಲಸ ಹಚ್ಚಿ. ಐದೈದು ನಿಮಿಷಕ್ಕೆ ತಾಪಮಾನ, ಗಿಗಾಹರ್ಟ್ಸ್ ಎರಡನ್ನೂ ಬರೆದುಕೊಳ್ಳಿ. ಮೊದಲ ಒಂದು ನಿಮಿಷ ಬಿಡಿ, ಆಗ ಎಲ್ಲ ಯಂತ್ರವೂ ಜೋರಾಗಿಯೇ ಓಡುತ್ತದೆ. ಹತ್ತನೇ ನಿಮಿಷಕ್ಕೂ ಮೂವತ್ತನೇ ನಿಮಿಷಕ್ಕೂ ವೇಗ ಇಳಿಯುತ್ತಲೇ ಹೋದರೆ ಕೂಲರ್ ಬದಲಿಸಿ ಕೊಡಲು ಕೇಳಿ, ಪ್ರೊಸೆಸರ್ ಮಾದರಿ ಏರಿಸಬೇಡಿ.

ಗೋಕುಲ್‌ರೋಡ್_ವೇಫರ್

ಕೂಲರ್ ಬಿಚ್ಚಿ ಮತ್ತ ಕೂಡಸುವಾಗ ಕಾವು ಸಾಗಿಸೋ ಹಳೇ ಪೇಸ್ಟ್ ಪೂರ್ತಿ ಒರಸಿ, ವಟಾಣಿ ಕಾಳಿನಷ್ಟ ಹೊಸಾದು ಹಾಕ್ರಿ. ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡಸ್ರಿ, ಹೊಡಿಯುವಾಗ ಫ್ಯಾನಿನ ರೆಕ್ಕಿ ತಿರಗದಂಗ ಬೆರಳಿಂದ ಹಿಡಕೊಂಡಿರ್ರಿ.