ಕೊಲ್ಲಿ ದೇಶದ ವಿಮಾನ ಕಂಪನಿಗೆ ಪೈಲಟ್ ಆಗಿ ಹೋಗುವ ಮುಂಚೆ ಏನೇನು ನೋಡಬೇಕು?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬೇಸ್‌ನಲ್ಲಿ ಎ320 ವಿಮಾನದ ಕೋ-ಪೈಲಟ್ ಆಗಿದ್ದೇನೆ. 3,200 ಗಂಟೆ ಹಾರಾಟ ಆಗಿದೆ, ಎಟಿಪಿಎಲ್ (ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಇದೆ, ಕಮಾಂಡ್, ಅಂದರೆ ಕ್ಯಾಪ್ಟನ್ ಹುದ್ದೆ, ಇನ್ನೂ ಆಗಿಲ್ಲ. ಕೊಲ್ಲಿಯ ಒಂದು ಕಂಪನಿಯಿಂದ ಫಸ್ಟ್ ಆಫೀಸರ್ (ಕೋ-ಪೈಲಟ್) ಕೆಲಸಕ್ಕೆ ಆಫರ್ ಬಂದಿದೆ. ಅಲ್ಲಿರುವವರನ್ನು ಕೇಳಿದರೆ "ದುಡ್ಡಿದೆ, ನೆಮ್ಮದಿ ಇಲ್ಲ" ಅನ್ನುವವರೇ ಹೆಚ್ಚು, ಯಾಕೆ ಅಂತ ಬಿಡಿಸಿ ಹೇಳುವವರು ಕಡಿಮೆ. ಹೆಂಡತಿ, ಎರಡನೇ ಕ್ಲಾಸಿನ ಮಗಳು ಸದ್ಯಕ್ಕೆ ಶಿವಮೊಗ್ಗದಲ್ಲೇ ಇರುತ್ತಾರೆ. ಅಪ್ಪನಿಗೆ ವಯಸ್ಸಾಗಿದೆ, ನಾಲ್ಕು ಎಕರೆ ಅಡಿಕೆ ತೋಟ ಇದೆ. ಸಹಿ ಹಾಕುವ ಮೊದಲು ಏನು ಕೇಳಬೇಕು? ಕರಾರಿನ ಯಾವ ಷರತ್ತುಗಳು ಮುಂದೆ ಕಾಡುತ್ತವೆ? ತೆರಿಗೆ, ತೋಟದ ವಿಚಾರ ಗೊತ್ತಿದ್ದವರೂ ತಿಳಿಸಿ.

ಎಡಸೀಟು

ಸಂಬಳದ ಪಟ್ಟಿ ಪಕ್ಕಕ್ಕಿಡಿ, ಮೊದಲು ರೋಸ್ಟರ್ (ಡ್ಯೂಟಿ ಪಟ್ಟಿ) ಕೇಳಿ. ನೀವು ಸೇರುವ ಫ್ಲೀಟ್‌ನ ಫಸ್ಟ್ ಆಫೀಸರ್ ಒಬ್ಬರಿಂದ ಹಿಂದಿನ ಮೂರು ತಿಂಗಳ ರೋಸ್ಟರ್ ತರಿಸಿಕೊಳ್ಳಿ. ತಿಂಗಳ ಮೊದಲು ಪ್ರಕಟವಾದದ್ದೂ ಬೇಕು, ಕೊನೆಗೆ ನಿಜವಾಗಿ ಹಾರಿದ್ದೂ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನೆಮ್ಮದಿ ಎಲ್ಲಿ ಹೋಗುತ್ತೆ ಅಂತ ತಾನಾಗೇ ಕಾಣುತ್ತದೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಯುರೋಪಿನಿಂದ ಬಂದ ಪ್ರಯಾಣಿಕರು ನಡುರಾತ್ರಿ ಇಳಿದು ಭಾರತದ ಕಡೆಗೆ ವಿಮಾನ ಬದಲಿಸುವಂತೆ ಕೊಲ್ಲಿಯ ಹಬ್‌ಗಳ ವೇಳಾಪಟ್ಟಿ ಇರುತ್ತದೆ. ಹಾಗಾಗಿ ಭಾರತದ ಫ್ಲೈಟ್‌ಗಳಲ್ಲಿ ಬಹಳಷ್ಟು ಹೊರಡುವುದೇ ರಾತ್ರಿ ಎರಡು-ಮೂರರ ಹೊತ್ತಿಗೆ. ದುಬೈ–ಬೆಂಗಳೂರು–ದುಬೈ ಟರ್ನ್‌ಅರೌಂಡ್ (ಹೋಗಿ ತಂಗದೆ ವಾಪಸ್ ಬರುವ ಡ್ಯೂಟಿ) ತೆಗೆದುಕೊಳ್ಳಿ. ರಾತ್ರಿ 1ಕ್ಕೆ ರಿಪೋರ್ಟಿಂಗ್, 2.15ಕ್ಕೆ ಹೊರಟು ದುಬೈ ಗಡಿಯಾರದಲ್ಲಿ ಬೆಳಗ್ಗೆ 6ಕ್ಕೆ ಬೆಂಗಳೂರು. ಒಂದೂಕಾಲು ಗಂಟೆ ಏಪ್ರನ್ (ವಿಮಾನ ನಿಲ್ಲುವ ಜಾಗ) ಮೇಲೆ. ಮತ್ತೆ ನಾಲ್ಕು ಗಂಟೆ ಹಾರಿ ವಾಪಸ್ ಸೇರುವಾಗ 11 ದಾಟಿರುತ್ತದೆ. ಹಾರಾಟದ ಡ್ಯೂಟಿ ಸುಮಾರು ಹತ್ತೂಕಾಲು ಗಂಟೆ. ಯುರೋಪಿನ ನಿಯಮದಲ್ಲೂ ಸಂಜೆ 5ರಿಂದ ಬೆಳಗ್ಗೆ 4.59ರೊಳಗೆ ಶುರುವಾಗುವ ಎರಡು ಸೆಕ್ಟರ್‌ನ (ಎರಡು ಹಾರಾಟದ) ಡ್ಯೂಟಿಗೆ ಮಿತಿ 11 ಗಂಟೆ. ಅಂದರೆ ಕಾನೂನಿನ ಪ್ರಕಾರ ಎಲ್ಲ ಸರಿ. ಆದರೆ 2ರಿಂದ 6 ಗಂಟೆಯೇ ದೇಹ ನಿದ್ದೆಗೆ ಜಗ್ಗುವ ಹೊತ್ತು. ಎರಡನೇ ಸಲ ವಿಮಾನ ಇಳಿಸಲು ಅಪ್ರೋಚ್ ಮಾಡುವಾಗ ಆ ಹೊತ್ತನ್ನು ಪೂರ್ತಿ ಎಚ್ಚರವಾಗಿ ಕಳೆದಿರುತ್ತೀರಿ. ಮನೆಗೆ ಬಂದು ಹಾಡುಹಗಲಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ಮಲಗಿದರೆ ನಾಲ್ಕೈದು ಗಂಟೆಗೆ ಎಚ್ಚರ ಆಗುತ್ತದೆ. ಒಂದು ರಾತ್ರಿ ಆದರೆ ಪರವಾಗಿಲ್ಲ. ಸಾಲಾಗಿ ಎರಡು, ಆಮೇಲೆ ಒಂದು ದಿನ ಬಿಟ್ಟು ಬೆಳಗಿನ ಜಾವದ ಡ್ಯೂಟಿ, ಹೀಗೆ ಬಂದರೆ ನಿದ್ದೆಯ ಸಾಲ ತೀರುವುದೇ ಇಲ್ಲ. ಮನಸ್ಸು ಕುಗ್ಗುವುದಕ್ಕೆ ಮೊದಲ ಕಾರಣ ಇದೇ.

ರೋಸ್ಟರ್‌ನಲ್ಲಿ ಎಣಿಸಬೇಕಾದದ್ದು: ಸಾಲಾಗಿ ಬರುವ ರಾತ್ರಿಗಳು, ರಾತ್ರಿಯಿಂದ ಬೆಳಗಿನ ಜಾವಕ್ಕೆ ತಿರುಗುವ ಕಡೆಗಳು, ಒಂಟಿಯಾಗಿ ಬಂದ ರಜಾದಿನ. ಒಂಟಿ ರಜಾದಿನ ನಿದ್ದೆಗೇ ಸರಿಹೋಗುತ್ತದೆ, ಅದನ್ನು ರಜೆ ಅಂತ ಲೆಕ್ಕ ಹಾಕಬೇಡಿ. ಗಂಟೆಗಳ ಮೇಲ್ಮಿತಿ ನೋಡಿ ಸಮಾಧಾನ ಪಡಬೇಡಿ. 28 ದಿನಕ್ಕೆ 100 ಗಂಟೆ ಹಾರಾಟ ಅನ್ನುವುದು ಮಿತಿ, ಕೆಲವು ಕಡೆ ಅದನ್ನೇ ಗುರಿ ಮಾಡಿಕೊಂಡು ರೋಸ್ಟರ್ ಹೆಣೆಯುತ್ತಾರೆ. ಪ್ರತಿ ದೇಶದ ಕೋಷ್ಟಕ ಸ್ವಲ್ಪ ಬೇರೆ ಇರುವುದರಿಂದ ಕಂಪನಿಯ ಆಪರೇಷನ್ಸ್ ಮ್ಯಾನ್ಯುಯಲ್ ಪಾರ್ಟ್ ಎ, 7ನೇ ಅಧ್ಯಾಯ (ಡ್ಯೂಟಿ, ವಿಶ್ರಾಂತಿ ಮಿತಿಗಳು) ಓದಲೇಬೇಕು. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ತಂದ ನಿಯಮದಲ್ಲಿ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಡ್ಯೂಟಿಯ ಲ್ಯಾಂಡಿಂಗ್ ಮಿತಿ 6ರಿಂದ 2ಕ್ಕೆ ಇಳಿಯಿತು. ಹೋಲಿಸುವಾಗ ಇದನ್ನು ಎದುರಿಗಿಟ್ಟುಕೊಳ್ಳಿ.

ಫೆಟೀಗ್ ರಿಪೋರ್ಟ್ (ದಣಿವಿನಿಂದ ಹಾರಲಾರೆ ಅನ್ನುವ ವರದಿ) ಹಾಕಿದರೆ ಏನಾಗುತ್ತದೆ ಅಂತಲೂ ಕೇಳಿ. ಅದನ್ನು ಸಿಕ್ ಲೀವ್ ಖಾತೆಗೆ ಬರೆಯುವ ಕಂಪನಿಯಲ್ಲಿ ಯಾರೂ ರಿಪೋರ್ಟ್ ಹಾಕುವುದಿಲ್ಲ. ಯುಎಇ, ಕತಾರ್, ಸೌದಿಯಲ್ಲಿ ಪೈಲಟ್‌ಗಳಿಗೆ ಯೂನಿಯನ್ ಇಲ್ಲ, ನಿಮ್ಮ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ.

ಕ್ರೂ ಡೆಸ್ಕ್ ಸಾಗರ

ಎಡಸೀಟು ಅವರು ಹೇಳಿದ್ದಕ್ಕೆ ರೋಸ್ಟರಿಂಗ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಸ್ಟ್ಯಾಂಡ್‌ಬೈ (ಕರೆದರೆ ಬರಲು ಸಿದ್ಧವಾಗಿರುವ ಡ್ಯೂಟಿ) ಎಷ್ಟು ದಿನ, ಕರೆ ಬಂದ ಮೇಲೆ ಎಷ್ಟು ಹೊತ್ತಿನಲ್ಲಿ ಏರ್‌ಪೋರ್ಟ್ ಸೇರಬೇಕು, ಡ್ಯೂಟಿ ಅದಲುಬದಲು ಸಿಸ್ಟಮ್‌ನಲ್ಲಿ ತಾನಾಗಿ ಆಗುತ್ತದೋ ಅಥವಾ ಯಾರಾದರೂ ಒಪ್ಪಬೇಕೋ, ಈ ಮೂರು ಕೇಳಿ. ಕುಟುಂಬ ಊರಿನಲ್ಲಿ ಬಿಟ್ಟವರಿಗೆ ಮುಖ್ಯವಾಗುವುದು ತಿಂಗಳ ರಜಾದಿನಗಳನ್ನು ಒಟ್ಟುಗೂಡಿಸಿ ನಾಲ್ಕೈದು ದಿನದ ಗುಂಪು ಮಾಡಿಕೊಳ್ಳಲು ಬಿಡ್ (ಬೇಕಾದ ದಿನ ಕೇಳಿಕೊಳ್ಳುವ) ಸೌಲಭ್ಯ ಇದೆಯೋ ಅನ್ನುವುದು. ಅದಿಲ್ಲದಿದ್ದರೆ ತಿಂಗಳಿಗೊಮ್ಮೆ ತೀರ್ಥಹಳ್ಳಿ ಮುಟ್ಟುವುದು ಆಗದ ಮಾತು.

ಸ್ಟಾಫ್ ಟಿಕೆಟ್ ನಂಬಿ ಲೆಕ್ಕ ಹಾಕಬೇಡಿ. ಅದು ಸೀಟು ಖಾಲಿ ಇದ್ದರೆ ಮಾತ್ರ, ಹೊಸಬರ ಸರದಿ ಕೊನೆಗೆ. ಕನ್ಫರ್ಮ್ ಟಿಕೆಟ್ ಸಾಮಾನ್ಯವಾಗಿ ವರ್ಷದ ರಜೆಗೆ ಒಂದೇ. ಇನ್ನು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಬೆಂಗಳೂರಿನಿಂದ ಊರಿಗೆ ದಾರಿ ಹತ್ತಿರವಾಗಿದೆ ನಿಜ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕೆಳಗಿಳಿದು ವಿಸಿಬಿಲಿಟಿ ಸಿಗದೆ ಫ್ಲೈಟ್ ರದ್ದಾಗುವುದುಂಟು. ವಾಪಸ್ ಡ್ಯೂಟಿಗೆ ಹೋಗುವಾಗ ಮಳೆಗಾಲದಲ್ಲಿ ಒಂದು ಪೂರ್ತಿ ದಿನ ಕೈಯಲ್ಲಿಟ್ಟುಕೊಂಡು ರಾತ್ರಿ ರೈಲಿನಲ್ಲಿ ಬೆಂಗಳೂರು ಸೇರಿಕೊಳ್ಳಿ. ರಿಪೋರ್ಟಿಂಗ್ ತಪ್ಪಿದರೆ ಅದು ಫೈಲ್ ಸೇರುತ್ತದೆ.

ಶಾಲೆಯ ಭತ್ಯೆಯನ್ನು ಅಲ್ಲಿನ ಶಾಲೆಗೇ ಕಟ್ಟುತ್ತಾರೆ. ಮಗಳು ಶಿವಮೊಗ್ಗದಲ್ಲಿ ಓದಿದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ. ಆಫರ್‌ನ ಒಟ್ಟು ಮೊತ್ತದಲ್ಲಿ ಅದನ್ನು ಸೇರಿಸಿ ತೋರಿಸಿದ್ದರೆ ಕಳೆದು ನೋಡಿ.

ಎಡಸೀಟು

ಕರಾರಿನ ವಿಷಯ ಉಳಿದಿತ್ತು.

ಬಾಂಡ್ (ಅವಧಿಗೆ ಮುಂಚೆ ಕೆಲಸ ಬಿಟ್ಟರೆ ಕಂಪನಿಗೆ ಕಟ್ಟಬೇಕಾದ ಹಣ) ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಗಬೇಕು. ಮೂರು ವರ್ಷ ಮುಗಿಯುವ ಹಿಂದಿನ ದಿನವೂ ಪೂರ್ತಿ ಮೊತ್ತ ಕಟ್ಟಬೇಕು ಅಂತಿದ್ದರೆ ತಿದ್ದಿಸಿ. ಕಂಪನಿಯೇ ಕೆಲಸದಿಂದ ತೆಗೆದರೆ ಅಥವಾ ಮೆಡಿಕಲ್ (ಹಾರಲು ಬೇಕಾದ ಆರೋಗ್ಯ ಪ್ರಮಾಣಪತ್ರ) ಹೋದರೆ ಬಾಂಡ್ ಮನ್ನಾ ಅನ್ನುವ ಸಾಲು ಬರವಣಿಗೆಯಲ್ಲೇ ಇರಲಿ. 2020ರಲ್ಲಿ ವಿದೇಶಿ ಪೈಲಟ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ಮನೆಗೆ ಕಳಿಸಿದಾಗ ಈ ಸಾಲಿನ ಬೆಲೆ ಗೊತ್ತಾಯಿತು. ವೀಸಾ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಕೆಲಸ ಹೋದರೆ ಮನೆ, ಶಾಲೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಯುಎಇ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ. ಮೂಲ ವೇತನ ಮಾತ್ರ, ಭತ್ಯೆ ಸೇರದು. ಕಾಯಿಲೆ ರಜೆ ವರ್ಷಕ್ಕೆ 90 ದಿನ: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಪೈಲಟ್‌ಗೆ ಮೆಡಿಕಲ್ ತಾತ್ಕಾಲಿಕವಾಗಿ ನಿಂತರೆ ಮೂರು ತಿಂಗಳು ಸಾಲುವುದಿಲ್ಲ. ಲಾಸ್ ಆಫ್ ಲೈಸೆನ್ಸ್ (ಆರೋಗ್ಯ ಕೆಟ್ಟು ಹಾರುವ ಅರ್ಹತೆ ಹೋದರೆ ಸಿಗುವ) ವಿಮೆ ಎಷ್ಟು, ಮಾನಸಿಕ ಕಾಯಿಲೆ ಅದರಲ್ಲಿ ಸೇರಿದೆಯೋ ಕೇಳಿ. ಸೇರದಿದ್ದ ಕಡೆ ಖಿನ್ನತೆಯನ್ನು ಮುಚ್ಚಿಟ್ಟುಕೊಂಡು ಹಾರುತ್ತಾರೆ, ಅದು ಅಪಾಯ. ಯುರೋಪಿನಲ್ಲಿ 2021ರಿಂದ ಪೀರ್ ಸಪೋರ್ಟ್ (ಕಷ್ಟ ಹೇಳಿಕೊಳ್ಳಲು ಸಹ ಪೈಲಟ್‌ಗಳ ನೆರವು) ಕಡ್ಡಾಯ. ನಿಮ್ಮ ಕಂಪನಿಯಲ್ಲಿ ಅಂಥ ವ್ಯವಸ್ಥೆ ಇದೆಯೋ, ಅದನ್ನು ಮ್ಯಾನೇಜ್‌ಮೆಂಟ್ ನಡೆಸುತ್ತದೋ ಪೈಲಟ್‌ಗಳೇ ನಡೆಸುತ್ತಾರೋ ತಿಳಿದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಕಮಾಂಡ್ ಮುಗಿಸಿ ಹೋಗಿ. ಅಲ್ಲಿ ಸೇರಿದ ದಿನ ಸೀನಿಯಾರಿಟಿ ಕೊನೆಯಿಂದ ಶುರು, ವಾಪಸ್ ಬಂದರೆ ಇಲ್ಲೂ ಕೊನೆಯಿಂದಲೇ. ಆದರೆ ಕಮಾಂಡ್ ಆದ ಮೇಲೆ ಕೆಲಸ ಬಿಡುವುದು ನಿಧಾನ, ಅದನ್ನೂ ತೂಗಿ ನೋಡಿ: 2017ರ ಡಿಜಿಸಿಎ ನಿಯಮದ ಪ್ರಕಾರ ಕೋ-ಪೈಲಟ್‌ಗೆ ನೋಟಿಸ್ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ.

ಭಾರತದ ಲೈಸೆನ್ಸ್ ಸಾಯಲು ಬಿಡಬೇಡಿ. 2023ರ ತಿದ್ದುಪಡಿಯಿಂದ ಎಟಿಪಿಎಲ್ ಅವಧಿ ಹತ್ತು ವರ್ಷವಾಗಿದೆ, ಆದರೆ ಕ್ಲಾಸ್ 1 ಮೆಡಿಕಲ್ ಅದರಲ್ಲಿ ಸೇರದು, ಅದನ್ನು ಬೇರೆಯಾಗಿಯೇ ನವೀಕರಿಸುತ್ತಿರಬೇಕು. ರಜೆಗೆ ಬಂದಾಗ ಬೆಂಗಳೂರಿನಲ್ಲಿ ಮುಗಿಸಿಕೊಳ್ಳಿ, ಅಪಾಯಿಂಟ್‌ಮೆಂಟ್ ಮೊದಲೇ ತೆಗೆದುಕೊಂಡು.

ಗಾಂಧಿಬಜಾರ್ ಲೆಕ್ಕಿಗ

ತೆರಿಗೆಗೆ ಬರುತ್ತೇನೆ. ಕೆಲಸಕ್ಕಾಗಿ ಹೊರಡುವ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಆದರೆ ಮಾರ್ಚ್ ಒಳಗೆ ಮತ್ತೆ ರಜೆಗೆ ಬಂದರೆ ಆ ದಿನಗಳೂ ಸೇರುತ್ತವೆ, ಆದ್ದರಿಂದ ಜುಲೈ–ಆಗಸ್ಟ್‌ನಲ್ಲೇ ಹೊರಟರೆ ಕ್ಷೇಮ. ಡ್ಯೂಟಿ ಮೇಲೆ ಬಂದು ಬೆಂಗಳೂರಿನಲ್ಲಿ ತಂಗಿದ (ಲೇಓವರ್) ದಿನಗಳನ್ನೂ ಎಣಿಸಬೇಕು. ಪಾಸ್‌ಪೋರ್ಟ್ ಮುದ್ರೆ ನಂಬಬೇಡಿ, ಲಾಗ್‌ಬುಕ್ ಇಟ್ಟು ಲೆಕ್ಕ ಮಾಡಿ. ಮುಂದಿನ ವರ್ಷಗಳಲ್ಲಿ ಬಾಡಿಗೆ, ಬಡ್ಡಿ, ಷೇರು ಸೇರಿ ಇಲ್ಲಿನ ಆದಾಯ 15 ಲಕ್ಷ ದಾಟಿದರೆ 182ರ ಬದಲು 120 ದಿನದ ಲೆಕ್ಕ ಬರುತ್ತದೆ.

ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಇಲ್ಲಿನ ಆದಾಯಕ್ಕೆ ಅನಿವಾಸಿಗಳ ಖಾತೆ) ಮಾಡಿಸಿ. ತೋಟ ನಿಮ್ಮ ಹೆಸರಿಗೆ ಬಂದ ಮೇಲೆ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್‌ನಿಂದ ಬರುವ ಅಡಿಕೆ ಹಣ ಅದಕ್ಕೇ ಬೀಳಬೇಕು. ಅಲ್ಲಿನ ಸಂಬಳಕ್ಕೆ ಎನ್‌ಆರ್‌ಇ ಖಾತೆ ಬೇರೆ.

ಎಲ್ಲಕ್ಕಿಂತ ಮುಖ್ಯ, ಅನಿವಾಸಿ ಆದವರು ಕೃಷಿ ಭೂಮಿ, ತೋಟ ಖರೀದಿಸುವಂತಿಲ್ಲ, ದಾನವಾಗಿ ಪಡೆಯುವುದಕ್ಕೂ ಬರುವುದಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಪಡೆಯಬಹುದು. ಅಪ್ಪ ದಾನಪತ್ರ ಮಾಡಿಕೊಡುವ ಯೋಚನೆ ಇದ್ದರೆ, ಅಥವಾ ಪಕ್ಕದ ತೋಟ ಕೊಳ್ಳುವ ಮಾತು ನಡೆದಿದ್ದರೆ, ನೀವು ಹೊರಡುವ ಮೊದಲೇ ಮುಗಿಸಿ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ತುಂಬಾ ಧನ್ಯವಾದ. ದಾನಪತ್ರದ ವಿಚಾರ ಗೊತ್ತೇ ಇರಲಿಲ್ಲ. ಕೊನೆಯದೊಂದು: ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಲು ಮೇ ಕೊನೆಗೆ, ಕೊಯ್ಲಿಗೆ ನವೆಂಬರ್‌ನಲ್ಲಿ ರಜೆ ಸಿಗುತ್ತದೆಯೇ?

ಕ್ರೂ ಡೆಸ್ಕ್ ಸಾಗರ

ನವೆಂಬರ್ ಸಾಮಾನ್ಯವಾಗಿ ಸುಲಭ. ಜುಲೈ, ಆಗಸ್ಟ್, ಡಿಸೆಂಬರ್ ಕೊನೆ ಮತ್ತು ಈದ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ರಜೆಯ ಬಿಡ್‌ಗೆ ಇರುವ ಪಾಯಿಂಟ್ ಅಲ್ಲಿ ಖರ್ಚಾಗುತ್ತದೆ. ಈದ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಮೇ ಕೊನೆಗೆ ಅದು ಬೀಳುತ್ತದೋ ಅಂತ ಕ್ಯಾಲೆಂಡರ್ ನೋಡಿ ಬಿಡ್ ಹಾಕಿ. ಬೀಳುವ ವರ್ಷ ಬೋರ್ಡೋಗೆ ಮರ ಹತ್ತುವ ಕೊನೆಗೌಡರ ಹತ್ತಿರ ಮೊದಲೇ ಮಾತಾಡಿಟ್ಟು, ನೀವು ನವೆಂಬರ್‌ಗೇ ಪೂರ್ತಿ ರಜೆ ಕೇಳಿ.