ಊರ ಕಾವಲು: ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈಚೆಗೆ ಪಂಪ್‌ಸೆಟ್ ಕೇಬಲ್ ಕಳವು ಜಾಸ್ತಿಯಾಗಿದೆ. ಹಗಲು ಹೊತ್ತಲ್ಲೇ ಮನೆ ಬೀಗ ಒಡೆಯುತ್ತಿದ್ದಾರೆ. ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ನಮ್ಮ ಗುಂಪಿನ ಹಿರಿಯರು ಇವತ್ತು ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರೈತರೊಬ್ಬರು: ಸರ್, ನಮ್ಮ ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋದರು. ದೂರು ಕೊಡಲು ಹೋದರೆ ಎಫ್‌ಐಆರ್ ಮಾಡಲಿಲ್ಲ. ಒಂದು ಹಿಂಬರಹ ಕೊಟ್ಟು ಕಳಿಸಿದರು. ಇದು ಸರೀನಾ?

ನಿವೃತ್ತ ಪಿಎಸ್‌ಐ: ನಮಸ್ಕಾರ. ಕೇಬಲ್ ಬೆಲೆ ಎಷ್ಟು ಅಂತ ಬರೆದುಕೊಟ್ಟಿರಿ? ಅದು ಮುಖ್ಯ. 2024ರ ಜುಲೈ 1ರಿಂದ ಹೊಸ ಕಾನೂನು ಜಾರಿಯಲ್ಲಿದೆ. ಅದರ ಪ್ರಕಾರ ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನಮ್ಮವರು ಕೇಬಲ್ ಒಂದರ ಬೆಲೆ ಹೇಳುತ್ತಾರೆ. ಸ್ಟಾರ್ಟರ್ ಕಿತ್ತದ್ದು, ಪೈಪ್ ಒಡೆದದ್ದು ಬರೆಯುವುದೇ ಇಲ್ಲ. ಹೋದದ್ದು, ಹಾಳಾದದ್ದು ಎಲ್ಲಾ ಬರೆಯಿರಿ. ಬಿಲ್ ಇದ್ದರೆ ಜೊತೆಗಿಡಿ.

ಬೆಲೆ ಅದಕ್ಕಿಂತ ಜಾಸ್ತಿ ಇದ್ದೂ ಎಫ್‌ಐಆರ್ ಮಾಡದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದು ಇದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಅವರು ದಾಖಲು ಮಾಡಿಕೊಂಡು ನಿಮ್ಮ ಠಾಣೆಗೆ ಕಳಿಸುತ್ತಾರೆ.

ಇನ್ನೊಂದು ಮಾತು. ಕೇಬಲ್ ಕದ್ದವರಿಗೆ ಬೇಕಾಗಿರುವುದು ಒಳಗಿನ ತಾಮ್ರ. ಮೇಲಿನ ಪ್ಲಾಸ್ಟಿಕ್ ತೆಗೆಯಲು ಊರಾಚೆ ಸುಡುತ್ತಾರೆ. ರಾತ್ರಿ ಪಾಳು ಜಾಗದಲ್ಲಿ ಬೆಂಕಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಆಗಲೇ ತುರ್ತು ಸಹಾಯವಾಣಿ 112ಕ್ಕೆ ಹೇಳಿ. ಹತ್ತಿರ ಹೋಗಬೇಡಿ.

ಕಾಲೇಜು ವಿದ್ಯಾರ್ಥಿ: ಸರ್ ಇದು ನಿಜಾನಾ? "ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಇದ್ದರೆ ಒಂಟಿ ಹೆಂಗಸು, ಎರಡು ಗೆರೆ ಇದ್ದರೆ ನಾಯಿ ಇದೆ ಎಂದು ಕಳ್ಳರ ಸಂಕೇತ. ಹತ್ತು ಜನರಿಗೆ ಕಳಿಸಿ."

ನಿವೃತ್ತ ಪಿಎಸ್‌ಐ: ಫಾರ್ವರ್ಡ್ ಬೇಡ ಎಂದು ಅಡ್ಮಿನ್ ಮೊದಲೇ ಹೇಳಿದ್ದಾರೆ ಅಲ್ವಾ? ಇದನ್ನು ನಂಬಬೇಡಿ. ಲಸಿಕೆಗೆ ಬಂದವರು, ಜನಗಣತಿಯವರು, ಮೀಟರ್ ಓದುವವರು ಎಲ್ಲರೂ ಗೋಡೆ ಮೇಲೆ ಗುರುತು ಹಾಕಿ ಹೋಗುತ್ತಾರೆ.

ಗೃಹಿಣಿ: 112ಕ್ಕೆ ಫೋನ್ ಮಾಡಿದರೆ ನಮ್ಮ ಹೆಸರು ಊರಿಗೆಲ್ಲಾ ಗೊತ್ತಾಗುತ್ತಾ ಸರ್?

ನಿವೃತ್ತ ಪಿಎಸ್‌ಐ: ನಿಮ್ಮ ನಂಬರ್ ಅವರಿಗೆ ಕಾಣುತ್ತದೆ. ಹೆಸರು ಗುಟ್ಟಾಗಿರಲಿ ಎಂದು ಫೋನಿನಲ್ಲೇ ಹೇಳಿ. ಮಾಹಿತಿ ಯಾರಿಂದ ಬಂತು ಎಂದು ಹೇಳುವಂತೆ ಪೊಲೀಸರನ್ನು ಒತ್ತಾಯಿಸುವಂತಿಲ್ಲ. ಸಾಕ್ಷ್ಯ ಕಾನೂನಿನಲ್ಲೇ ಹಾಗಿದೆ.

ಅಂಗನವಾಡಿ ಟೀಚರ್: ಸರ್, ಸ್ವಲ್ಪ ಅರ್ಜೆಂಟ್. ಕೆರೆ ಏರಿ ಕೆಳಗೆ ಯಾರೋ ಡೇರೆ ಹಾಕಿದ್ದಾರೆ. ಹೆಂಗಸರು, ಮಕ್ಕಳು ಇದ್ದಾರೆ. ಇವತ್ತು ಅವರಲ್ಲಿ ಒಬ್ಬ ಗಂಡಸು ಶಾಲೆ ಬಿಟ್ಟ ಮಕ್ಕಳ ಹತ್ತಿರ ಏನೋ ಮಾತಾಡಿದನಂತೆ. ಈಗ ಬೇರೆ ಗುಂಪುಗಳಲ್ಲಿ ಅವನ ಫೋಟೋ ಓಡಾಡುತ್ತಿದೆ. ಮಕ್ಕಳ ಕಳ್ಳ ಅಂತ ಬರೆದಿದ್ದಾರೆ. ಇಲ್ಲಿನ ಹುಡುಗರು ರಾತ್ರಿ ಹೋಗಿ ವಿಚಾರಿಸುತ್ತೇವೆ ಅಂತಿದ್ದಾರೆ. ನನಗೆ ಭಯ ಆಗ್ತಿದೆ.

ನಿವೃತ್ತ ಪಿಎಸ್‌ಐ: ಟೀಚರ್, ಮೊದಲು 112ಕ್ಕೆ ಫೋನ್ ಮಾಡಿ. ಆಮೇಲೆ ಇದನ್ನು ಓದಿ. ಹುಡುಗರು ಗುಂಪು ಕಟ್ಟುತ್ತಿದ್ದಾರೆ ಎಂಬುದನ್ನೇ ಮೊದಲು ಹೇಳಿ. ಈಗ ಅಪಾಯ ಇರುವುದು ಅಲ್ಲಿ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಎಂದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೆಲವು ಸ್ನೇಹಿತರು ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರು ಎಂದು ಕೂಗೆದ್ದಿತು. ಅವರು ಹೆದರಿ ಕಾರು ಹತ್ತಿದರು. ಕಾರಿಗಿಂತ ಮುಂಚೆ ಅವರ ವಿಡಿಯೋ ವಾಟ್ಸಾಪಿನಲ್ಲಿ ಮುರ್ಕಿ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಪಲ್ಟಿಯಾಯಿತು. ಜನ ಸೇರಿ ಹೊಡೆದರು. ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಸತ್ತ. ತಡೆಯಲು ಹೋದ ಪೊಲೀಸರಿಗೂ ಏಟು ಬಿತ್ತು. ಹೊಡೆದವರ ಜೊತೆ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಬಂಧನಕ್ಕೊಳಗಾದ. ಅದೇ ತಿಂಗಳ ಮೊದಲ ದಿನ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಇದೇ ಗಾಳಿಮಾತಿಗೆ ಕೊಂದಿದ್ದರು. ಭಿಕ್ಷೆ ಬೇಡಲು ಬಂದ ಅಲೆಮಾರಿಗಳು ಅವರು.

ಇವು ಹೇಗೆ ಶುರುವಾಗುತ್ತವೆ ಗೊತ್ತಾ? "ಸುಮ್ನೆ ಹೋಗಿ ವಿಚಾರಿಸೋಣ" ಅಂತಲೇ. ಹೋಗುವಾಗ ಕೊಲ್ಲಬೇಕು ಅಂತ ಯಾರೂ ಹೋಗಿರುವುದಿಲ್ಲ. ಕತ್ತಲಲ್ಲಿ ಅಷ್ಟು ಜನ ಸುತ್ತುವರಿದರೆ ಎದುರಿನವನು ಹೆದರಿ ಓಡುತ್ತಾನೆ. ಓಡಿದ ಅಂದರೆ ಕಳ್ಳನೇ ಎಂದು ತೀರ್ಮಾನ ಮಾಡುತ್ತಾರೆ. ಭಾಷೆ ಬಾರದವನು ತಡವರಿಸಿದರೆ ಸುಳ್ಳು ಹೇಳುತ್ತಿದ್ದಾನೆ ಅಂತಾರೆ. ಮುಂದಿನದು ಯಾರ ಕೈಯಲ್ಲೂ ಇರುವುದಿಲ್ಲ.

ಈಗ ಕಾನೂನು ಕೇಳಿ. ಐದು ಜನ ಅಥವಾ ಅದಕ್ಕಿಂತ ಜಾಸ್ತಿ ಸೇರಿ, ಜಾತಿ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಕೊಂದರೆ ಹಳೆಯ ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆಯ 103(2)ರ ಪ್ರಕಾರ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ಕೈಕಾಲು ಮುರಿದರೂ ಏಳು ವರ್ಷದವರೆಗೆ ಜೈಲು. ನಾನು ಹೊಡೆಯಲಿಲ್ಲ, ಜೊತೆಗೆ ಹೋಗಿದ್ದೆ ಅಷ್ಟೇ ಎಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಾಗಾದರೆ ಕಣ್ಣು ಮುಚ್ಚಿಕೊಂಡಿರಬೇಕಾ? ಬೇಡ. ಆ ಮನುಷ್ಯ ಏನು ಮಾಡಿದ ಎಂಬುದನ್ನು ನೋಡಿ. ಯಾರಂತೆ ಕಾಣುತ್ತಾನೆ ಎಂಬುದನ್ನಲ್ಲ. ಮಗುವಿನ ಕೈ ಹಿಡಿದು ಎಳೆದನಾ? ಗಾಡಿ ಹತ್ತು ಅಂದನಾ? ಬೀಗ ಹಾಕಿದ ಮನೆಯ ಹಿಂಬಾಗಿಲು ತಳ್ಳಿ ನೋಡಿದನಾ? ನಂಬರ್ ಪ್ಲೇಟಿಗೆ ಬಟ್ಟೆ ಸುತ್ತಿದ ಗಾಡಿ ಒಂದೇ ಬೀದಿಯಲ್ಲಿ ಮತ್ತೆ ಮತ್ತೆ ಸುತ್ತುತ್ತಿದೆಯಾ? ಇವು ಹೇಳಬೇಕಾದ ಸಂಗತಿ. ಡೇರೆ ಹಾಕಿದ್ದಾರೆ, ಬಟ್ಟೆ ಕೊಳಕು, ನಮ್ಮ ಭಾಷೆ ಬರಲ್ಲ, ಇವು ಅಪರಾಧ ಅಲ್ಲ. ಟೀಚರ್, ಅವನು ಮಕ್ಕಳ ಹತ್ತಿರ ಏನು ಮಾತಾಡಿದ ಎಂದು ಆ ಮಕ್ಕಳನ್ನೇ ಕೇಳಿದಿರಾ?

ಅಂಗನವಾಡಿ ಟೀಚರ್: 112ಕ್ಕೆ ಹೇಳಿದೆ ಸರ್. ಮಕ್ಕಳನ್ನು ಈಗ ಕೇಳುತ್ತೇನೆ.

ಯುವಕ ಸಂಘದ ಸದಸ್ಯ: ಸರ್, ನೀವು ಹೇಳುವುದೆಲ್ಲಾ ಸರಿ. ಪೊಲೀಸರು ಬರುವಷ್ಟರಲ್ಲಿ ಅವರು ಜಾಗ ಖಾಲಿ ಮಾಡಿದರೆ? ನಮ್ಮ ಊರನ್ನು ನಾವು ಕಾಯಬಾರದಾ?

ಪಂಚಾಯ್ತಿ ಸದಸ್ಯೆ: ಕಾಯುವುದು ಬೇರೆ, ದೊಣ್ಣೆ ಹಿಡಿದು ಹೋಗುವುದು ಬೇರೆ ಕಣಪ್ಪ. ಹೋದ ಸಲ ಹಾಸಿಗೆ ಹೊಲಿಯಲು ಬಂದವನನ್ನು ಅಟ್ಟಾಡಿಸಿದಿರಿ. ಪಾಪ, ಗಾಡಿ ಬಿಟ್ಟು ಓಡಿಹೋದ.

ಯುವಕ ಸಂಘದ ಸದಸ್ಯ: ಅಕ್ಕಾ, ಕಳ್ಳತನ ಆದಾಗ ನಮ್ಮನ್ನೇ ಕರೀತೀರಿ. ಆಗ ದೊಣ್ಣೆ ಬೇಕಿತ್ತು. ಈಗ ನಾವೇ ಕೆಟ್ಟವರಾ?

ಕಾಲೇಜು ವಿದ್ಯಾರ್ಥಿ: ಆ ಜಾತಿಯವರೇ ಹಾಗೆ ಅಂತ ನಮ್ಮ ತಾತ ಹೇಳೋರು.

ನಿವೃತ್ತ ಪಿಎಸ್‌ಐ: ಈ ಮಾತಿಗೆ ಉತ್ತರ ಕೊಡಲೇಬೇಕು. 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದರು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲಾ ಅಪರಾಧಿಗಳು ಎಂದು ಪಟ್ಟಿ ಮಾಡಿದರು. ಹೆಸರು ಬರೆಸಬೇಕು, ಊರು ಬಿಡಲು ಅನುಮತಿ ಕೇಳಬೇಕು. 1952ರಲ್ಲಿ ಅದನ್ನು ರದ್ದು ಮಾಡಲಾಯಿತು. ಕಾನೂನು ಹೋಗಿ ಇಷ್ಟು ಕಾಲವಾಯಿತು. ನಿಮ್ಮಂಥ ಓದಿದ ಹುಡುಗರ ಬಾಯಲ್ಲಿ ಆ ಮಾತು ಬರಬಾರದು.

ಸಂಘದವರಿಗೆ ಒಂದು ಮಾತು. ರಾತ್ರಿ ಗಸ್ತು ಮಾಡಿ, ತಪ್ಪಿಲ್ಲ. ಠಾಣೆಗೆ ಮೊದಲೇ ಹೆಸರುಗಳ ಪಟ್ಟಿ ಕೊಡಿ. ಟಾರ್ಚ್, ಸೀಟಿ, ಫೋನ್ ಇರಲಿ. ದೊಣ್ಣೆ ಬೇಡ. ದಾರಿಹೋಕರನ್ನು ನಿಲ್ಲಿಸಿ ಚೀಲ ತಪಾಸಣೆ ಮಾಡುವ ಅಧಿಕಾರ ನಿಮಗಿಲ್ಲ. ಕಣ್ಣೆದುರೇ ದೊಡ್ಡ ಅಪರಾಧ ನಡೆದರೆ ಹಿಡಿಯಬಹುದು. ಹಿಡಿದವನನ್ನು ತಡಮಾಡದೆ, ಏನೇ ಆದರೂ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟುವುದು, ಹೊಡೆಯುವುದು ಇದರಲ್ಲಿ ಬರುವುದಿಲ್ಲ. ಅವರು ಜಾಗ ಖಾಲಿ ಮಾಡಿದರೆ ಗಾಡಿ ನಂಬರ್, ಯಾವ ಕಡೆ ಹೋದರು, ಎಷ್ಟು ಹೊತ್ತಿಗೆ, ಇಷ್ಟು ಹೇಳಿದರೆ ಸಾಕು.

ಹಿರಿಯ ಸದಸ್ಯರು: ತೋಟದ ಬೇಲಿಗೆ ರಾತ್ರಿ ಹೊತ್ತು ಕರೆಂಟ್ ಕೊಟ್ಟರೆ ಹೇಗೆ? ಯೂಟ್ಯೂಬಿನಲ್ಲಿ ತೋರಿಸಿದ್ದಾರೆ.

ನಿವೃತ್ತ ಪಿಎಸ್‌ಐ: ಬೇಡವೇ ಬೇಡ. ಲೈನಿನಿಂದ ನೇರ ಕೊಟ್ಟ ಕರೆಂಟ್ ಕಳ್ಳನನ್ನು ಕೇಳಿ ಹೊಡೆಯುವುದಿಲ್ಲ. ಹಸು ಸಾಯುತ್ತದೆ, ಕೂಲಿಯವರು ಸಾಯುತ್ತಾರೆ, ನಿಮ್ಮ ಮೊಮ್ಮಗುವೇ ಮುಟ್ಟಬಹುದು. ಯಾರೇ ಸತ್ತರೂ ಕೇಸ್ ನಿಮ್ಮ ಮೇಲೆ. ಸತ್ತವನು ಕಳ್ಳನಾದರೂ ಅಷ್ಟೇ. ಆ ವಿಡಿಯೋವನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಅಂಗಡಿ ಮಾಲೀಕ: ಸಿಸಿಟಿವಿ ಹಾಕಿಸಿದ್ದೆ. ಕಳ್ಳತನವೂ ಆಯಿತು. ರೆಕಾರ್ಡಿಂಗಿನಲ್ಲಿ ಬರೀ ಟೋಪಿ ಕಾಣುತ್ತದೆ.

ನಿವೃತ್ತ ಪಿಎಸ್‌ಐ: ಎಲ್ಲರೂ ಕ್ಯಾಮೆರಾವನ್ನು ಸೂರಿನ ಕೆಳಗೆ ಎತ್ತರಕ್ಕೆ ಹಾಕಿಸುತ್ತಾರೆ. ಮುಖದ ಮಟ್ಟಕ್ಕೂ ಒಂದು ಇರಲಿ. ರೆಕಾರ್ಡ್ ಮಾಡುವ ಪೆಟ್ಟಿಗೆಯ (ಡಿವಿಆರ್) ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಸಮಯ ತಪ್ಪಿದ್ದರೆ ಕೋರ್ಟಿನಲ್ಲಿ ಅದನ್ನೇ ಹಿಡಿದು ಜಗ್ಗಾಡುತ್ತಾರೆ. ಡಿಸ್ಕ್ ತುಂಬಿದ ಮೇಲೆ ಹಳೆಯದು ಅಳಿಸಿ ಹೋಗುತ್ತದೆ. ಆದ್ದರಿಂದ ಕಳ್ಳತನ ಆದ ದಿನವೇ ಪೊಲೀಸರಿಗೆ ಹೇಳಿ. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ಗುಂಪಿಗೆ ಹಾಕುವುದರಿಂದ ಕಳ್ಳನಿಗೇ ಸುಳಿವು ಸಿಗುತ್ತದೆ. ಮತ್ತೆ, ಪೊಲೀಸರು ಬರುವ ತನಕ ಅಂಗಡಿ ಗುಡಿಸಬೇಡಿ, ಬೀರು ಮುಟ್ಟಬೇಡಿ. ಊರಿನವರೆಲ್ಲಾ ಒಳಗೆ ಓಡಾಡಿದ ಮೇಲೆ ಬೆರಳಚ್ಚೂ ಸಿಗುವುದಿಲ್ಲ, ನಾಯಿಗೆ ವಾಸನೆಯೂ ಸಿಗುವುದಿಲ್ಲ.

ಹಾಲಿನ ಡೇರಿ ಸಿಬ್ಬಂದಿ: 112ಕ್ಕೆ ಹೇಳಿದರೆ ನಮ್ಮ ಹೆಸರು ಹೊರಗೆ ಬರಲ್ವಾ ಸರ್?

ನಿವೃತ್ತ ಪಿಎಸ್‌ಐ: ಮೇಲೆ ಹೇಳಿದ್ದೇನೆ.

ಗೃಹಿಣಿ: ನಮ್ಮ ಅತ್ತೆ ಒಬ್ಬರೇ ಇರುತ್ತಾರೆ. ಚಿನ್ನ ಪಾಲಿಶ್ ಮಾಡುತ್ತೇವೆ ಅಂತ ಇಬ್ಬರು ಬಂದಿದ್ದರು.

ನಿವೃತ್ತ ಪಿಎಸ್‌ಐ: ಕೊಟ್ಟಿಲ್ಲ ತಾನೇ? ಮೊದಲು ತಾಮ್ರದ ಪಾತ್ರೆ, ಬೆಳ್ಳಿ ಕಾಲ್ಗೆಜ್ಜೆ ಹೊಳೆಯುವಂತೆ ಮಾಡಿ ನಂಬಿಸುತ್ತಾರೆ. ಆಮೇಲೆ ಸರ ಕೇಳುತ್ತಾರೆ. ಅವರ ನೀರಿನಲ್ಲಿ ಆಮ್ಲ ಇರುತ್ತದೆ, ಚಿನ್ನ ಅದರಲ್ಲಿ ಕರಗಿ ಉಳಿಯುತ್ತದೆ. ಸರ ಹೊಳೆಯುತ್ತದೆ, ತೂಕ ಇಳಿದಿರುತ್ತದೆ. ಇನ್ನು ಕೆಲವರು ಡಬ್ಬಿಯಲ್ಲಿ ಹಾಕಿ, ಸ್ವಲ್ಪ ಹೊತ್ತು ತೆಗೆಯಬೇಡಿ ಎಂದು ಹೇಳಿ ಸರವನ್ನೇ ಎತ್ತಿಕೊಂಡು ಹೋಗುತ್ತಾರೆ. ಅತ್ತೆಯವರಿಗೆ ಹೇಳಿ, ಬಾಗಿಲು ತೆರೆಯದೆ ಕಿಟಕಿಯಿಂದಲೇ ಮಾತಾಡಲಿ. ಬಂದವರ ಗಾಡಿ ನಂಬರ್ ನೆನಪಿದ್ದರೆ ಇವತ್ತೇ ಬೀಟ್ ಪೊಲೀಸರಿಗೆ ತಿಳಿಸಿ. ಪ್ರತಿ ಹಳ್ಳಿಗೂ ಒಬ್ಬರು ಬೀಟ್ ಸಿಬ್ಬಂದಿ ಇರುತ್ತಾರೆ. ಅವರ ನಂಬರ್ ಠಾಣೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಹಿರಿಯ ಸದಸ್ಯರು: ಕಳ್ಳ ಎಟಿಎಂನಲ್ಲಿ ಬೆದರಿಸಿದರೆ ಪಿನ್ ಉಲ್ಟಾ ಒತ್ತಿ, ಪೊಲೀಸರಿಗೆ ತಾನಾಗೇ ಗೊತ್ತಾಗುತ್ತದೆ. ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕಿದ್ದೇನೆ.

ನಿವೃತ್ತ ಪಿಎಸ್‌ಐ: ಸುಳ್ಳು. ಅಂಥ ವ್ಯವಸ್ಥೆ ಇಲ್ಲ. ಇದನ್ನು ನಂಬಿ ಚಾಕು ಹಿಡಿದವನ ಮುಂದೆ ತಪ್ಪು ಪಿನ್ ಒತ್ತುತ್ತಾ ನಿಂತರೆ ಜೀವ ಹೋಗುತ್ತದೆ. ದಯವಿಟ್ಟು ಅಳಿಸಿ.

ಹಿರಿಯ ಸದಸ್ಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದು. ಇಷ್ಟು ಗಡಸಾಗಿ ಹೇಳಬೇಕಿರಲಿಲ್ಲ.

ರೈತರೊಬ್ಬರು: ನಿಮ್ಮ ಒಳ್ಳೆಯ ಉದ್ದೇಶದಲ್ಲಿ ನಮ್ಮ ಪ್ರಶ್ನೆಗಳೆಲ್ಲಾ ಮೇಲೆ ಹೋಗಿಬಿಟ್ಟವು ಯಜಮಾನ್ರೇ.

ಹಾಲಿನ ಡೇರಿ ಸಿಬ್ಬಂದಿ: ಗನ್ ಲೈಸೆನ್ಸ್ ಹೇಗೆ ಮಾಡಿಸುವುದು?

ಅಂಗಡಿ ಮಾಲೀಕ: ಬ್ಯಾಂಕಿನಿಂದ ಅಂತ ಫೋನ್ ಬಂದು ನನ್ನ ಭಾವನ ದುಡ್ಡು ಹೋಗಿದೆ. ಇದು ಇಲ್ಲಿ ಕೇಳಬಹುದಾ?

ನಿವೃತ್ತ ಪಿಎಸ್‌ಐ: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿಸಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಬಹುದು. ನಾಳೆ ಬೆಳಿಗ್ಗೆ ನೋಡೋಣ ಅನ್ನಬೇಡಿ.

ಅಂಗನವಾಡಿ ಟೀಚರ್: ಸರ್, ಮಕ್ಕಳನ್ನು ಕೇಳಿದೆ. ಶಾಲೆಯ ನಲ್ಲಿಯಲ್ಲಿ ನೀರು ಬರುತ್ತಾ, ಹಿಡಿದುಕೊಳ್ಳಬಹುದಾ ಅಂತ ಕೇಳಿದನಂತೆ. ಇನ್ನೇನೂ ಇಲ್ಲವಂತೆ.

ಪಂಚಾಯ್ತಿ ಸದಸ್ಯೆ: ನೋಡಿದಿರಾ?

ಯುವಕ ಸಂಘದ ಸದಸ್ಯ: ಮಕ್ಕಳು ಹೆದರಿ ಹಾಗೆ ಹೇಳಿರಬಹುದು. ನಾನೇನೂ ಫೋಟೋ ಹಾಕಿಲ್ಲ, ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ.

ನಿವೃತ್ತ ಪಿಎಸ್‌ಐ: ಕಳಿಸಿದ್ದೂ ತಪ್ಪೇ. ಜನರಲ್ಲಿ ಭಯ ಹುಟ್ಟಿಸುವ ಸುಳ್ಳು ಸುದ್ದಿ ಹರಡಿದರೆ ನ್ಯಾಯ ಸಂಹಿತೆಯ 353ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕಿಂತ ಮುಖ್ಯ, ಆ ಫೋಟೋದಲ್ಲಿರುವ ಮನುಷ್ಯ ನಾಳೆ ಪಕ್ಕದ ಊರಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ಯಾರು ಕಾಯುತ್ತಾರೆ? ಯಾವ ಯಾವ ಗುಂಪಿಗೆ ಕಳಿಸಿದ್ದೀರೋ ಅಲ್ಲೆಲ್ಲಾ ಅಳಿಸಿ. ಅಳಿಸಿದರೆ ಸಾಲದು. ಇದು ಸುಳ್ಳು, ನೀರು ಕೇಳಲು ಬಂದವನು ಎಂದು ನೀವೇ ಬರೆಯಿರಿ. ಮಕ್ಕಳ ಮಾತಿನ ಮೇಲೆ ಅನುಮಾನ ಇದ್ದರೆ ಬಂದ ಪೊಲೀಸರಿಗೆ ಹೇಳಿ, ಅವರು ಕೇಳುತ್ತಾರೆ.

ಯುವಕ ಸಂಘದ ಸದಸ್ಯ: ಎರಡು ಗುಂಪಿನಲ್ಲಿ ಅಳಿಸಿದೆ. ಇನ್ನೊಂದರಲ್ಲಿ ಅಳಿಸಲು ಆಗ್ತಿಲ್ಲ.

ನಿವೃತ್ತ ಪಿಎಸ್‌ಐ: ಆ ಗುಂಪಿನ ಅಡ್ಮಿನ್‌ಗೆ ಫೋನ್ ಮಾಡಿ, ಅವರು ಅಳಿಸಬಹುದು. ಈಗಲೇ ಮಾಡಿ.

ಕಾಲೇಜು ವಿದ್ಯಾರ್ಥಿ: ಮನೆ ಬೀಗ ಹಾಕಿ ಊರಿಗೆ ಹೋಗುವಾಗ ಏನು ಮಾಡಬೇಕು ಸರ್?

ನಿವೃತ್ತ ಪಿಎಸ್‌ಐ: ಬೀಟ್ ಪೊಲೀಸರಿಗೆ ಹೇಳಿ ಹೋಗಿ. ಪ್ರವಾಸದ ಫೋಟೋ ವಾಪಸ್ ಬಂದ ಮೇಲೆ ಹಾಕಿ. ಟೀಚರ್, ಪೊಲೀಸರು ಬಂದರಾ? ಮಿಕ್ಕಿದ್ದು ಆಮೇಲೆ.

ಅಂಗನವಾಡಿ ಟೀಚರ್: ಬಂದಿದ್ದಾರೆ ಸರ್. ಡೇರೆ ಹತ್ತಿರ ಮಾತಾಡುತ್ತಿದ್ದಾರೆ. ಹುಡುಗರು ಏರಿ ಮೇಲೆ ನಿಂತಿದ್ದಾರೆ.

ನಿವೃತ್ತ ಪಿಎಸ್‌ಐ: ಅವರನ್ನು ಮನೆಗೆ ಕಳಿಸಿ. ಯಾರೂ ವಿಡಿಯೋ ಮಾಡುವುದು ಬೇಡ. ಪಂಚಾಯ್ತಿ ಮೇಡಂ, ನೀವು ಅಲ್ಲಿಗೆ ಹೋಗಿ ಪೊಲೀಸರ ಜೊತೆ ಇರಿ. ಡೇರೆಯವರಿಗೆ ನೀರಿನ ವ್ಯವಸ್ಥೆಯೂ ನಿಮ್ಮ ಪಂಚಾಯ್ತಿಯದೇ.

ಪಂಚಾಯ್ತಿ ಸದಸ್ಯೆ: ಹೊರಟೆ ಸರ್.

ಹಿರಿಯ ಸದಸ್ಯರು: 112 ಫ್ರೀ ಕಾಲ್ ತಾನೇ?